ಎರೆಹಳ್ಳಿಯ ನೀರು ಎಲ್ಲಿಗೆ ಬಿಡುವುದು

ನೀರಾವರಿ ಕೆಲಸಕ್ಕೆ ಹೊಸದಾಗಿ ಸೇರಿದ ತರುಣರು ಆಗಾಗ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಂದು ಕೂರುತ್ತಾರೆ. ನೀವು ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಕಾಲುವೆ ನೋಡಿಕೊಳ್ಳುತ್ತಿದ್ದೆ ಎಂದು ಹೇಳುತ್ತೇನೆ. ಅದು ಪೂರ್ತಿ ಸರಿಯಲ್ಲ. ಕಾಲುವೆ ತನ್ನ ಪಾಡಿಗೆ ಹರಿಯುತ್ತಿತ್ತು. ಆ ನೀರನ್ನು ಏನು ಮಾಡಬೇಕೆಂದು ದಂಡೆಯ ಜನ ಒಂದು ಕಡೆ, ಬಳ್ಳಾರಿಯ ಕಚೇರಿಗಳಲ್ಲಿ ಕೂತವರು ಇನ್ನೊಂದು ಕಡೆ ತೀರ್ಮಾನ ಮಾಡುತ್ತಿದ್ದರು. ಇವರ ನಡುವೆ ಓಡಾಡುವುದೇ ನನ್ನ ಕೆಲಸವಾಗಿತ್ತು. ಬಡ್ತಿ, ವರ್ಗಾವಣೆಗಳ ವಿಚಾರ ಬಿಟ್ಟು, ಒಂದು ಊರಿನ ನೀರಿನ ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ಊರುಗಳ ಹೆಸರು, ಜನರ ಹೆಸರು ಬದಲಿಸಿದ್ದೇನೆ.

ಅದಕ್ಕೂ ಮುಂಚೆ ಕುರುಗೋಡು ಕಡೆ ಕಲಿತ ಒಂದು ಪಾಠ ಹೇಳಬೇಕು. ಅರವತ್ತರ ದಶಕದಲ್ಲಿ ಓವರ್‌ಸೀಯರ್ ಆಗಿ ನನ್ನ ಮೊದಲ ನೇಮಕ ಆ ಭಾಗದಲ್ಲಿ ಆಯಿತು. ಒಂದು ಊರಿನಲ್ಲಿ ತೂಬಿನಿಂದ ಹೊಲಗಳಿಗೆ ನೀರೊಯ್ಯುವ ಸಣ್ಣ ಕಾಲುವೆ ತೋಡಬೇಕಿತ್ತು. ತಹಶೀಲ್ದಾರರು ಚಾವಡಿಯಲ್ಲಿ ಸಭೆ ಸೇರಿಸಿ, ಯಾರ ಯಾರ ಹೊಲದಲ್ಲಿ ಕಾಲುವೆ ಹಾಯುತ್ತದೆ ಎಂದು ವಿವರಿಸಿದರು. ಎಲ್ಲರೂ "ಆಗ್ಲಿ ಸಾಹೇಬ್ರ" ಅಂದರು. ಮರುದಿನ ನಾವು ಗೂಟ ಹೊಡೆದುಕೊಂಡು ಹೋದಂತೆ ಮೊದಲನೇ ಹೊಲದ ಯಜಮಾನ ಹಿಂದಿನಿಂದ ಒಂದೊಂದೇ ಗೂಟ ಕಿತ್ತು ಬದುವಿನ ಮೇಲೆ ನೀಟಾಗಿ ಜೋಡಿಸಿಟ್ಟ. ಆಮೇಲೆ ನಮಗೆಲ್ಲ ಮಜ್ಜಿಗೆ ಕೊಟ್ಟ.

"ನಿನ್ನೆ ಒಪ್ಪಿದ್ರಲ್ಲ?" ಎಂದು ಕೇಳಿದೆ.

"ನಿನ್ನೆ ತಹಶೀಲ್ದಾರ್ ಸಾಹೇಬ್ರು ಬಂದಿದ್ರು. ಊರಿಗೆ ಬಂದವರ ಮುಂದ ಒಲ್ಲೆ ಅನ್ನಾಕ ಬರ್ತೈತೇನ್ರಿ?" ಅಂದ.

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಸಭೆಯ ನಡಾವಳಿಯಲ್ಲಿ ಮಾತ್ರ ಸರ್ವಾನುಮತದ ಒಪ್ಪಿಗೆ ಎಂದು ದಾಖಲಾಗಿತ್ತು. ಆ ಕಾಲುವೆ ಕೊನೆಗೆ ಬೇರೆ ದಾರಿ ಹಿಡಿಯಿತು, ಅದೂ ಮನೆಮನೆಗೆ ಹೋಗಿ ಮಾತಾಡಿದ ಮೇಲೆ.

ಎಪ್ಪತ್ತರ ದಶಕದ ಆರಂಭದಲ್ಲಿ ನನ್ನನ್ನು ಸಿರುಗುಪ್ಪಕ್ಕೆ ಹಾಕಿದರು. ಆ ಸೀಮೆಯ ಕಪ್ಪು ಎರೆಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಇದು ಗೊತ್ತಿದ್ದುದರಿಂದಲೇ ಕಾಲುವೆ ಯೋಜನೆ ಮಾಡಿದವರು ಯಾವ ಹೊಲದಲ್ಲಿ ಯಾವ ಬೆಳೆ ಎಂದು ಮೊದಲೇ ಗೊತ್ತುಮಾಡಿದ್ದರು. ಕೆಲವು ಹೊಲಕ್ಕೆ ಭತ್ತ, ಬಹುಪಾಲು ಹೊಲಗಳಿಗೆ ಹತ್ತಿ, ಜೋಳದಂಥ ಕಡಿಮೆ ನೀರಿನ ಬೆಳೆ. ಕಾಗದದ ಮೇಲೆ ಇದು ಒಳ್ಳೆಯ ಯೋಜನೆ. ಆದರೆ ಬಾಗಿಲ ಮುಂದೆ ನೀರು ಹರಿಯುತ್ತಿರುವಾಗ ಹತ್ತಿಯನ್ನೇ ಬೆಳೆಯಿರಿ ಎಂದು ರೈತನಿಗೆ ಹೇಳುವುದು ಕಷ್ಟ. ಕರಾವಳಿ ಆಂಧ್ರದಿಂದ ಬಂದು ಹೊಲ ಕೊಂಡು ಕ್ಯಾಂಪು ಕಟ್ಟಿಕೊಂಡವರಿಗೆ ಭತ್ತ ಬೆಳೆಯುವ ಕಲೆ ಚೆನ್ನಾಗಿ ಗೊತ್ತಿತ್ತು. ಅವರನ್ನು ನೋಡಿ ನಮ್ಮವರೂ ಕಲಿತರು. ಕಣ್ಣಿಗೆ ಕಾಣುವಷ್ಟು ದೂರ ಹಸಿರು. ನಮ್ಮ ಕಚೇರಿಯ ಪುಸ್ತಕದಲ್ಲಿ ಅದೆಲ್ಲ ಹತ್ತಿ. ಇದು ಯಾರಿಗೂ ಗುಟ್ಟಾಗಿರಲಿಲ್ಲ. ಭತ್ತ ಎಂದು ಬರೆದರೆ ರೈತರು ದಂಡ ಕಟ್ಟಬೇಕು, ಅಧಿಕಾರಿಗಳು ಮೇಲಿನವರಿಗೆ ಉತ್ತರ ಕೊಡಬೇಕು. ಆದ್ದರಿಂದ ಹತ್ತಿ ಎಂದೇ ಇರಲಿ ಎಂಬುದರಲ್ಲಿ ಎಲ್ಲರಿಗೂ ಅನುಕೂಲವಿತ್ತು.

ಅನುಕೂಲವಿಲ್ಲದವರು ಎರೆಹಳ್ಳಿಯವರು. ಕ್ಯಾಂಪು ಏರಿನ ಮೇಲೆ, ಎರೆಹಳ್ಳಿ ಅದರ ಕೆಳಗೆ ತಗ್ಗಿನಲ್ಲಿ. ಮೇಲಿನ ಗದ್ದೆಗಳಲ್ಲಿ ನಿಂತ ನೀರು ನೆಲದೊಳಗೆ ಇಳಿದು ಇವರ ಹೊಲದಲ್ಲಿ ಮೇಲೇಳುತ್ತಿತ್ತು. ಅದಕ್ಕೆ ನಮ್ಮಲ್ಲಿ ಜವಳು ಅನ್ನುತ್ತಾರೆ. ನೀರಿನ ಜತೆ ಮಣ್ಣೊಳಗಿನ ಉಪ್ಪೂ ಮೇಲೆ ಬಂದು, ಬಿಸಿಲಿಗೆ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಕೂರುತ್ತಿತ್ತು.

ಆ ಊರಿನಿಂದ ಮೊದಲು ನಮ್ಮ ಕಚೇರಿಗೆ ಬಂದವನು ಹುಸೇನಸಾಬ. ಹತ್ತಿ ಹಿಂಜಿ ಗಾದಿ ತುಂಬುವ ಮನೆತನದವನು. ತಗ್ಗಿನಲ್ಲಿ ಸ್ವಲ್ಪ ಹೊಲವೂ ಇತ್ತು. ನಲವತ್ತರ ಆಸುಪಾಸು, ಮಾತು ಕಡಿಮೆ. ಅವನು ಅರ್ಜಿ ತಂದಿರಲಿಲ್ಲ. ಒಂದು ಕೊಡ ನೀರು ತಂದಿದ್ದ. ಕಚೇರಿಯ ಎದುರಿನ ಹೋಟೆಲಿಗೆ ಅದನ್ನು ಕೊಟ್ಟು ನಮಗೆಲ್ಲ ಚಾ ಮಾಡಿಸಿದ. ಹಾಲು ಹಾಕಿದ ಕೂಡಲೇ ಒಡೆಯಿತು. ಹೋಟೆಲಿನವನು ಇನ್ನೊಮ್ಮೆ ಮಾಡಿದ, ಅದೂ ಒಡೆಯಿತು.

"ನಮ್ಮೂರ ಬಾವಿ ನೀರ್ರಿ ಇದು," ಅಂದ ಹುಸೇನಸಾಬ. "ಮದಲ ಸಿಹಿ ಇತ್ತು. ಈಗ ಬಂದ ಬೀಗರಿಗೆ ಒಂದು ಕಪ್ಪು ಚಾ ಕೊಡಾಕ ಆಗವಲ್ದು."

ಆಗ ನಮ್ಮ ಎಕ್ಸಿಕ್ಯೂಟಿವ್ ಇಂಜಿನಿಯರ್ ವಾಮನರಾಯರು ಕಚೇರಿಯಲ್ಲೇ ಇದ್ದರು. ಬಳ್ಳಾರಿಯಿಂದ ತಪಾಸಣೆಗೆ ಬಂದಿದ್ದರು. ತೆಳ್ಳಗಿನ ಮನುಷ್ಯ, ಬಿಳಿ ಅರ್ಧ ತೋಳಿನ ಅಂಗಿ, ಯಾರ ಮೇಲೂ ದನಿ ಎತ್ತರಿಸಿದವರಲ್ಲ. ಒಡೆದ ಚಹಾ ನೋಡಿದರು, ಒಂದು ಗುಟುಕು ಕುಡಿದೂ ನೋಡಿದರು. "ನಾಳೆ ಆ ಊರಿಗೆ ಹೋಗೋಣ" ಎಂದಷ್ಟೇ ಹೇಳಿದರು.

ಹೋದೆವು. ಊರ ಸುತ್ತ ಅಲ್ಲಲ್ಲಿ ನೆಲಕ್ಕೆ ಕಬ್ಬಿಣದ ಕೊಳವೆ ಇಳಿಸಿ, ವಾರ ವಾರವೂ ಒಳಗಿನ ನೀರು ಎಷ್ಟು ಆಳದಲ್ಲಿದೆ ಎಂದು ನೋಡಲು ನನಗೆ ಹೇಳಿದರು. ಆ ಕಾಲಕ್ಕೆ ಅದು ನಮಗೆ ಹೊಸ ಪದ್ಧತಿ. ಅದುವರೆಗೆ ನಾವು ನೆಲದ ಮೇಲಿನ ನೀರನ್ನು ಮಾತ್ರ ಅಳೆದವರು. ಕ್ಯಾಂಪಿನಲ್ಲಿ ನಾಟಿ ಶುರುವಾದ ಮೇಲೆ ಕೊಳವೆಗಳಲ್ಲಿ ನೀರು ಏರುತ್ತಿತ್ತು, ಕೊಯ್ಲಾದ ಮೇಲೆ ಇಳಿಯುತ್ತಿತ್ತು. ಒಂದು ವರ್ಷ ನೋಡಿ, ಊರಿನ ಕೆಳಗೆ ಹಳ್ಳದವರೆಗೆ ಬಸಿಗಾಲುವೆ ತೋಡಿ ಜವಳು ನೀರನ್ನು ಹೊರಗೆ ಬಿಡಬೇಕೆಂದು ವರದಿ ಕಳಿಸಿದೆವು.

ಮೇಲಿನಿಂದ ಉತ್ತರ ಬಂತು. ಸದರಿ ಪ್ರದೇಶದಲ್ಲಿ ಹತ್ತಿ ಬೆಳೆಯಲಾಗುತ್ತಿದ್ದು ಜವಳಾಗಲು ಕಾರಣವಿಲ್ಲ, ಅತಿವೃಷ್ಟಿಯ ಪರಿಣಾಮವಿರಬಹುದು, ಬಸಿಗಾಲುವೆ ಅಗತ್ಯವಿಲ್ಲ. ವಾಮನರಾಯರು ಅದನ್ನು ಓದಿ ನನಗೆ ಕೊಟ್ಟು, "ನೋಡಿ, ಇದರಲ್ಲಿ ಒಂದು ಶಬ್ದವೂ ತಪ್ಪಿಲ್ಲ. ನಮ್ಮ ಪುಸ್ತಕ ಹೇಳಿದ್ದನ್ನೇ ಅವರು ಹೇಳಿದ್ದಾರೆ" ಎಂದರು.

ಆ ಉತ್ತರದ ಮೇಲೆ ಏನು ಮಾಡಬೇಕೆಂದು ನಾವು ಯೋಚಿಸುತ್ತಿರುವಾಗಲೇ ಹುಸೇನಸಾಬನ ಮನೆಯ ಗೋಡೆ ಬಿತ್ತು.

ಅಲ್ಲಿನ ಮನೆಗಳೆಲ್ಲ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬುಡದಿಂದ ನೀರು ಏರಿ ಗೋಡೆಗಳು ಎದೆಮಟ್ಟದವರೆಗೆ ಕಪ್ಪಾಗಿರುತ್ತಿದ್ದವು. ಕೈಯಿಟ್ಟರೆ ಮಣ್ಣು ಬೆರಳಿಗೆ ಬರುತ್ತಿತ್ತು. ಮಳೆ ಇಲ್ಲ, ಗಾಳಿ ಇಲ್ಲ, ನಡು ಮಧ್ಯಾಹ್ನ ಗೋಡೆ ಕುಸಿದು ಮಾಳಿಗೆ ಇಳಿಯಿತು. ಒಳಗೆ ಮಲಗಿದ್ದ ಹುಸೇನಸಾಬನ ಅಕ್ಕ ಇಮಾಂಬಿ ಸತ್ತಳು. ನಾನು ತಲುಪುವಷ್ಟರಲ್ಲಿ ಮಣ್ಣು ಸರಿಸಿ ಅವಳನ್ನು ಹೊರಗೆ ತಂದಿದ್ದರು. ಹುಸೇನಸಾಬ ನನ್ನನ್ನು ನೋಡಿ ಕೂರಲು ಒಂದು ಮಣೆ ತಂದು ಹಾಕಿದ. ಅವನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸಾವು ಆದ ಮೇಲೆ ಸರ್ಕಾರ ಬಹಳ ಬೇಗ ಕೆಲಸ ಮಾಡುತ್ತದೆ. ವಾರದೊಳಗೆ ದೊಡ್ಡ ಅಧಿಕಾರಿಗಳು ಜೀಪುಗಳಲ್ಲಿ ಬಂದರು. ಊರಿಗೆ ಊರೇ ಸ್ಥಳಾಂತರ ಎಂದು ತೀರ್ಮಾನವಾಯಿತು. ಜಾಗವನ್ನೂ ಗುರುತಿಸಿದರು: ಏರಿನಾಚೆಯ ಕಲ್ಲುಗರಸಿನ ನೆಲದ ಗೋಮಾಳ. ಆ ಜಾಗವೇ ಏಕೆ ಎಂದರೆ ಅದು ಸರ್ಕಾರದ್ದು. ಯಾರ ಹೊಲವನ್ನೂ ಕೊಳ್ಳುವ ತಾಪತ್ರಯವಿಲ್ಲ. ನಾನೇ ಸೈಟುಗಳಿಗೆ ಕಲ್ಲು ನೆಟ್ಟೆ. ಜನರನ್ನು ಕರೆದುಕೊಂಡು ಹೋಗಿ ತೋರಿಸಿದೆವು. ಬೀದಿ ಅಗಲ, ಶಾಲೆಗೆ ಜಾಗ, ಎರಡು ದೇವಸ್ಥಾನ, ಒಂದು ಮಸೀದಿ ಎಲ್ಲವನ್ನೂ ಅಧಿಕಾರಿಗಳು ವಿವರಿಸಿದರು.

ಹುಸೇನಸಾಬನ ಹೆಂಡತಿ ಫಕೀರವ್ವ ಸುತ್ತ ನೋಡಿ, "ಇಲ್ಲಿ ನೀರು ಎಲ್ಲಿ ಅದಾವ್ರಿ?" ಎಂದು ಕೇಳಿದಳು.

ಬಾವಿ ತೋಡಿಸುತ್ತೇವೆ ಎಂದರು. ತೋಡಿಸಿದರು. ಬಂಡೆ ಬಂತು. ಬೇರೆ ಕಡೆ ತೋಡಿಸಿದರು, ಅಲ್ಲೂ ಬಂಡೆ. ನೀರು ಹೆಚ್ಚಾದ ಊರನ್ನು ನೀರಿಲ್ಲದ ಜಾಗಕ್ಕೆ ಒಯ್ಯುವ ಯೋಜನೆ ಅಲ್ಲಿಗೆ ನಿಂತಿತು. ಆದರೆ ಆದೇಶ ನಿಲ್ಲಲಿಲ್ಲ. ಸ್ಥಳಾಂತರವಾಗಬೇಕಾದ ಊರು ಎಂದು ಎರೆಹಳ್ಳಿಯ ಮೇಲೆ ಗುರುತು ಬಿದ್ದದ್ದರಿಂದ ಅಲ್ಲಿ ಶಾಲೆಯ ಕೋಣೆ ಕಟ್ಟುವಂತಿಲ್ಲ, ರಸ್ತೆ ಮಾಡುವಂತಿಲ್ಲ. ಊರು ಹೋಗಲೂ ಇಲ್ಲ, ಇರಲೂ ಇಲ್ಲ.

ವಾಮನರಾಯರು ಒಂದು ಸಂಜೆ ಸಿರುಗುಪ್ಪದ ಪ್ರವಾಸಿ ಮಂದಿರದಲ್ಲಿ ನನ್ನನ್ನು ಕೂರಿಸಿಕೊಂಡು ಹೇಳಿದರು: "ಏರಿನ ಮೇಲಿನ ಜನ ನೀರು ಕಡಿಮೆ ಮಾಡದೆ ಬಸಿಗಾಲುವೆಯೊಂದರಿಂದಲೇ ಆಗುವ ಕೆಲಸ ಅಲ್ಲ ಇದು. ಕ್ಯಾಂಪಿನ ದೊಡ್ಡವರನ್ನು ಒಮ್ಮೆ ಎರೆಹಳ್ಳಿಗೆ ಕರೆದುಕೊಂಡು ಬನ್ನಿ. ಸಭೆ ಬೇಡ. ಬರೀ ಮನೆ ನೋಡಲಿ."

ಕ್ಯಾಂಪಿನಲ್ಲಿ ಎಲ್ಲರೂ ಮಾತು ಕೇಳುತ್ತಿದ್ದುದು ವೆಂಕಟರತ್ನಂ ಅವರದು. ಎತ್ತರದ ಆಳು, ಬಿಳಿ ಪಂಚೆ. ಕನ್ನಡ ಕಲಿತಿದ್ದರೂ ಮಾತಿನ ಮಧ್ಯೆ ತೆಲುಗು ಬರುತ್ತಿತ್ತು. ಮೊದಲು ಒಪ್ಪಲಿಲ್ಲ. "ನಾವು ಈ ಹೊಲ, ಪೊಲಂ ಕೊಂಡದ್ದೇ ಭತ್ತ ಬೆಳೆಯೋಕಂಡಿ. ಕಾಲುವೆ ಸರ್ಕಾರದ್ದು, ನೀರು ಬಿಟ್ಟದ್ದೂ ಸರ್ಕಾರ. ನಾವೇನು ಕದ್ದಿದ್ದೀವಾ?" ಎಂದರು. ಅದೂ ಸುಳ್ಳಲ್ಲ. ನಾನು ವಾದಿಸದೆ, ಬಂದು ನೋಡಿ ಸಾಕು ಅಂದೆ. ಎರಡು ಮೂರು ಬಾರಿ ಹೋದ ಮೇಲೆ ಬಂದರು.

ಹುಸೇನಸಾಬ ಅರ್ಧ ಮನೆಯಲ್ಲೇ ಸಂಸಾರ ಮಾಡುತ್ತಿದ್ದ. ವೆಂಕಟರತ್ನಂ ಒಳಗೆ ಬಂದವರು ಉಳಿದ ಗೋಡೆಯನ್ನು ಮುಟ್ಟಿ ನೋಡಿದರು. ಕೈಗೆ ಹತ್ತಿದ ಮಣ್ಣನ್ನು ಪಂಚೆಗೆ ಒರೆಸಿಕೊಳ್ಳದೆ ಹಾಗೇ ಹಿಡಿದು ನಿಂತರು.

"ಇದರೊಳಗೆ ಮಲಗ್ತೀರಾ?" ಎಂದು ಕೇಳಿದರು.

"ಮತ್ತೆಲ್ಲಿ ಮಲಗೂದ್ರಿ," ಅಂದ ಹುಸೇನಸಾಬ. "ಕುಂದ್ರಿ. ಚಾ ಮಾಡಸ್ತೀನಿ. ನೀರು ನಿಮ್ಮ ಕಾಲುವಿಂದ ತಂದೀವಿ, ಒಡಿಯಂಗಿಲ್ಲ."

ವೆಂಕಟರತ್ನಂ ಕೂತರು. ಚಾ ಕುಡಿದರು. ಆಮೇಲೆ ಅವರೇ ಮಾತು ತೆಗೆದರು. ಕ್ಯಾಂಪಿನ ಕೆಳಗಿನ ಗದ್ದೆಗಳಲ್ಲೂ ಬಿಳಿ ಉಪ್ಪು ಕಾಣಿಸಿಕೊಂಡು ಇಳುವರಿ ಇಳಿದಿತ್ತು. ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಬಸಿಗಾಲುವೆ ಆದರೆ ಅವರಿಗೂ ಲಾಭವಿತ್ತು. ದಯೆಯಿಂದ ಒಪ್ಪಿದರು ಎಂದು ನಾನು ಬರೆಯುವುದಿಲ್ಲ, ಲಾಭಕ್ಕೆ ಒಪ್ಪಿದರು ಎಂದೂ ಬರೆಯುವುದಿಲ್ಲ. ಎರಡೂ ಇದ್ದವು. ಎರೆಹಳ್ಳಿಗೆ ಹೊಂದಿಕೊಂಡ ಒಂದು ಪಟ್ಟಿ ಹೊಲದಲ್ಲಿ ಭತ್ತ ಬೆಳೆಯುವುದನ್ನು ಬಿಡುತ್ತೇವೆ, ಉಳಿದದ್ದನ್ನು ಭತ್ತ ಎಂದು ಬರೆದುಕೊಳ್ಳಿ, ದಂಡ ಹಾಕಿದರೆ ಕಟ್ಟುತ್ತೇವೆ ಎಂದರು. ಕ್ಯಾಂಪಿನ ಉಳಿದವರನ್ನು ಒಪ್ಪಿಸಲು ಅವರಿಗೆ ಒಂದು ಸುಗ್ಗಿ ಹಿಡಿಯಿತು. ಅವರ ತಮ್ಮನೇ ಒಂದಷ್ಟು ದಿನ ಮಾತು ಬಿಟ್ಟಿದ್ದ.

ಇನ್ನು ಉಳಿದದ್ದು ಎರೆಹಳ್ಳಿಯೊಳಗಿನ ತೊಡಕು. ಬಸಿಗಾಲುವೆ ಹಳ್ಳಕ್ಕೆ ಹೋಗಬೇಕಾದರೆ ಸಿದ್ಧಲಿಂಗಗೌಡರ ಹೊಲ ಹಾಯಬೇಕು. ಊರಿನ ಹಿರಿಯರು ಅವರು. ಮನೆ ಮೇಲಿನ ಓಣಿಯಲ್ಲಿ. ಗೋಡೆಗಳಿಗೆ ಇನ್ನೂ ನೀರು ತಾಗಿರಲಿಲ್ಲ. ಆ ಹೊಲ ಅವರಿಗಿದ್ದುದರಲ್ಲಿ ಒಳ್ಳೆಯದು. ಗೌಡರು ಸ್ಥಳಾಂತರಕ್ಕೂ ಒಲ್ಲೆ, ಬಸಿಗಾಲುವೆಗೂ ಒಲ್ಲೆ ಎನ್ನುತ್ತಿದ್ದರು. ನಮ್ಮ ಕಚೇರಿಯಲ್ಲಿ ಅವರಿಗೆ ಹಟಮಾರಿ ಎಂದು ಹೆಸರಿತ್ತು. ವಾಮನರಾಯರು ಹಾಗೆ ಅನ್ನಲಿಲ್ಲ. ಅವರ ಜತೆ ಹೊಲ ಸುತ್ತಿ ಬಂದು, ಊರ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂತು, "ಗೌಡ್ರೆ, ನಿಮಗೆ ಯಾವುದರ ಭಯ, ಅದನ್ನ ಹೇಳಿ" ಎಂದರು. ಅಲ್ಲಿ ಹುಸೇನಸಾಬನೂ ಇದ್ದ, ಊರಿನ ಇನ್ನೂ ಕೆಲವರಿದ್ದರು.

ಗೌಡರು, "ಹೊಲದ ಭಯ ಅಲ್ರಿ," ಅಂದರು. "ಇವತ್ತು ಬಸಿಗಾಲುವಿ ಅಂತ ಹೊಲ ತಗೋತೀರಿ. ನಾಳೆ ಆ ಆದೇಶ ಹಿಡಕೊಂಡು ಊರನ್ನೂ ಎಬ್ಬಸ್ತೀರಿ. ಹೊಲಾನೂ ಹೋತು, ಊರೂ ಹೋತು. ಊರು ಇದ್ದಲ್ಲೇ ಇರ್ತೈತಿ ಅಂತ ಬರದು ಕೊಡ್ರಿ. ಹೊಲ ನಾನು ಕೊಡ್ತೀನಿ."

ಎಲ್ಲರೂ ಹುಸೇನಸಾಬನ ಕಡೆ ನೋಡಿದರು. ಸ್ಥಳಾಂತರದ ಆದೇಶ ರದ್ದಾದರೆ ಹೆಚ್ಚು ನಷ್ಟ ಅವನಿಗೇ. ಬಂಡೆ ಇರಲಿ ಏನೇ ಇರಲಿ, ಒಣ ನೆಲದ ಮೇಲೆ ಅವನಿಗೆ ಒಂದು ಸೈಟು ಗುರುತಾಗಿತ್ತು. ಅವನಷ್ಟು ತಗ್ಗಿನಲ್ಲಿ ಬೇರೆ ಯಾರ ಮನೆಯೂ ಇರಲಿಲ್ಲ.

"ನನಗ ಅಲ್ಲಿ ಸೈಟು ಬರೋದಿತ್ತು," ಎಂದ ಅವನು.

"ಗೊತ್ತೈತಿ," ಅಂದರು ಗೌಡರು. "ನನ್ನ ಹಿತ್ತಲ ಐತಿ, ಮ್ಯಾಲಿನ ಓಣ್ಯಾಗ. ಅರ್ಧ ನೀ ತಗೊ. ಮನಿ ಕಟ್ಟಕೊ."

"ನಿಮ್ಮ ಓಣ್ಯಾಗ?"

"ನಮ್ಮ ಓಣ್ಯಾಗನ. ಅದಕ್ಯಾಕ ಹಂಗ ಕೇಳ್ತೀ?"

ಮೇಲಿನ ಓಣಿಯಲ್ಲಿ ಅದುವರೆಗೆ ಗೌಡರ ಸಂಬಂಧಿಕರ ಮನೆಗಳು ಮಾತ್ರ ಇದ್ದವು. ಹುಸೇನಸಾಬ ಆಗಲಿ ಎಂದು ತಲೆಯಾಡಿಸಿದ. ಸರ್ಕಾರದ ಯಾವ ಯೋಜನೆಯಲ್ಲೂ ಆ ಅರ್ಧ ಹಿತ್ತಲು ಇರಲಿಲ್ಲ. ಆದರೆ ಅದಿಲ್ಲದೆ ಬಸಿಗಾಲುವೆ ಆಗುತ್ತಿರಲಿಲ್ಲ.

ವಾಮನರಾಯರು ಇದ್ದದ್ದನ್ನು ಇದ್ದಂತೆ ಬರೆದು ವರದಿ ಕಳಿಸಿದರು: ಭತ್ತ ಬೆಳೆಯುತ್ತಾರೆ, ಅದರಿಂದ ಜವಳಾಗಿದೆ, ರೈತರು ಒಪ್ಪಿದ್ದಾರೆ. ಇಷ್ಟು ವರ್ಷ ಹತ್ತಿ ಎಂದು ಬರೆದದ್ದೇಕೆ ಎಂದು ಮೇಲಿನವರು ಅವರನ್ನೇ ವಿವರಣೆ ಕೇಳಿದರು. ಆಮೇಲೆ ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಬೇಸರವನ್ನು ತೋರಿಸಿಕೊಳ್ಳಲಿಲ್ಲ. ಹೋಗುವ ದಿನ ಬಳ್ಳಾರಿ ಸ್ಟೇಷನ್ನಿಗೆ ಹೋಗಿದ್ದೆ. "ಮಂಜೂರಿ ಬರುತ್ತದೆ. ಯಾವ ಹೆಸರಿನಲ್ಲಿ ಬಂದರೂ ತೆಗೆದುಕೊಳ್ಳಿ" ಎಂದರು.

ಅವರು ಹೇಳಿದಂತೆಯೇ ಆಯಿತು. ಜವಳಿನ ಹೆಸರಿನಲ್ಲಿ ಬರಲಿಲ್ಲ, ನೆರೆ ಪರಿಹಾರದ ಕಾಮಗಾರಿ ಎಂದು ಮಂಜೂರಾಗಿ ಬಂತು. ಸ್ಥಳಾಂತರದ ಆದೇಶವೂ ರದ್ದಾಯಿತು. ಬೇಸಿಗೆಯಲ್ಲಿ ಬಸಿಗಾಲುವೆ ತೋಡಿದೆವು.

ಇಲ್ಲಿ ನಮ್ಮ ಇಲಾಖೆಯ ಒಂದು ತಪ್ಪು ಹೇಳಲೇಬೇಕು. ನಕ್ಷೆ ತಯಾರಿಸಿದ ಬಳ್ಳಾರಿಯ ವಿಭಾಗ ಹಳ್ಳದ ತಳದ ಮಟ್ಟವನ್ನು ಹಳೇ ಸರ್ವೆಯಿಂದ ತೆಗೆದುಕೊಂಡಿತ್ತು. ಅಷ್ಟರಲ್ಲಿ ಹಳ್ಳದಲ್ಲಿ ಮರಳು ತುಂಬಿ ತಳ ಮೇಲೆದ್ದಿತ್ತು. ಮೊದಲ ದೊಡ್ಡ ಮಳೆಗೆ ಬಸಿಗಾಲುವೆಯಿಂದ ನೀರು ಹಳ್ಳಕ್ಕೆ ಹೋಗುವ ಬದಲು ಹಳ್ಳದ ನೀರೇ ಬಸಿಗಾಲುವೆಯೊಳಗೆ ಹಿಂದಕ್ಕೆ ಬಂತು. ಗೌಡರು ದಂಡೆಯ ಮೇಲೆ ನಿಂತು, "ಸಾಹೇಬ್ರ, ಇದಕ್ಕ ಎರಡೂ ಕಡಿ ಹೋಗಾಕ ಬರ್ತೈತೇನ್ರಿ?" ಎಂದು ಕೇಳಿದರು. ಜನ ನಕ್ಕರು, ನಾನೂ ನಕ್ಕೆ. ಮುಂದಿನ ಬೇಸಿಗೆ ಬಸಿಗಾಲುವೆಯನ್ನು ಹಳ್ಳದ ಗುಂಟ ಇನ್ನೂ ಕೆಳಕ್ಕೆ ಒಯ್ದು, ತಳ ಆಳವಿದ್ದ ಕಡೆ ಸೇರಿಸಿದೆವು. ಇಂಜಿನಿಯರಿಂಗ್ ಲೆಕ್ಕದಲ್ಲಿ ಅದು ಸರಿಯಾದ ಜಾಗ. ನೀರು ಇಳಿಯಿತು. ಕೊಳವೆಗಳಲ್ಲಿ ನೀರಿನ ಮಟ್ಟ ಕೆಳಗೆ ಹೋಯಿತು. ಕೆಲವು ವರ್ಷಗಳಲ್ಲಿ ಹೊಲಗಳ ಬಿಳುಪು ಕರಗಿ ಜೋಳ ಬಂತು, ಹುಸೇನಸಾಬನ ಹೊಲದಲ್ಲೂ ಬಂತು. ದೊಡ್ಡ ಅಧಿಕಾರಿಗಳು ಬೇರೆ ಜಿಲ್ಲೆಯವರನ್ನು ಕರೆತಂದು ತೋರಿಸುತ್ತಿದ್ದರು.

ಎಂಬತ್ತರ ದಶಕದ ಮೊದಲ ಭಾಗ. ನಾನು ನಡುವೆ ಬಳ್ಳಾರಿಯಲ್ಲಿದ್ದು ಮತ್ತೆ ಸಿರುಗುಪ್ಪಕ್ಕೆ ಬಂದಿದ್ದೆ. ಒಂದು ದಿನ ಮರಳಹಳ್ಳಿಯಿಂದ ಹತ್ತಾರು ಜನ ಹೆಂಗಸರು ಖಾಲಿ ಕೊಡ ಹಿಡಿದು ಕಚೇರಿಗೆ ಬಂದರು. ಮರಳಹಳ್ಳಿ ಹಳ್ಳದ ಕೆಳಗಿನ ಊರು. ಅಲ್ಲಿ ಬಾವಿಯಿಲ್ಲ. ಬೇಸಿಗೆಯಲ್ಲಿ ಹಳ್ಳದ ಮರಳಿನಲ್ಲಿ ಗುಂಡಿ ತೋಡಿ, ಒಸರುವ ನೀರನ್ನು ತುಂಬಿಕೊಳ್ಳುತ್ತಾರೆ. ಅದಕ್ಕೆ ವರ್ತಿ ಎನ್ನುವುದು. ಬಸಿಗಾಲುವೆಯ ಹೊಸ ಬಾಯಿ ಇದ್ದುದು ಅವರ ವರ್ತಿಗಳ ಮೇಲುಗಡೆಗೆ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುವಾಗ ತೊಂದರೆಯಿಲ್ಲ. ಹಳ್ಳ ಬತ್ತಿದ ಮೇಲೆ ಅದರಲ್ಲಿ ಹರಿಯುವುದು ಎರೆಹಳ್ಳಿಯ ಉಪ್ಪುನೀರು ಮಾತ್ರ. ಎರೆಹಳ್ಳಿಯ ಮಣ್ಣಿನಿಂದ ಹೊರಟ ಉಪ್ಪು ಮರಳಹಳ್ಳಿಯ ಕೊಡಕ್ಕೆ ಹೋಗಿತ್ತು.

ಇಲಾಖೆಯಲ್ಲಿ ಮೊದಲ ಯೋಚನೆ, ಬಸಿಗಾಲುವೆಯನ್ನು ಮತ್ತಷ್ಟು ಕೆಳಗೆ ಒಯ್ಯುವುದು. ಹಾಗೆ ಮಾಡಿದರೆ ಅದರ ಕೆಳಗಿನ ಊರಿನವರು ಬರುತ್ತಾರೆ ಎಂದು ನಾನು ಹೇಳಿದೆ. ಮರಳಹಳ್ಳಿಗೆ ಕೊಳಾಯಿ ನೀರಿನ ಯೋಜನೆ ಬರೆದು ಕಳಿಸಿದೆವು. ಅದು ಬರಲು ವರ್ಷಗಳು ಬೇಕು. ಅಲ್ಲಿಯವರೆಗೆ ಏನು ಎಂದು ಮಾತಾಡಲು ಆ ಊರಿಗೆ ಹೋದೆ. ಹೋಗುವ ಮುಂಚೆ ಎರೆಹಳ್ಳಿಗೆ ಹೇಳಿ ಕಳಿಸಿದ್ದೆ. ಗೌಡರಿಗೆ ಆಗ ವಯಸ್ಸಾಗಿತ್ತು. ಹುಸೇನಸಾಬ ಬಂದ.

ಮರಳಹಳ್ಳಿಯಲ್ಲಿ ಮಾತಿಗೆ ಮುಂದಾದವಳು ಹಂಪಮ್ಮ. ವರ್ತಿಗಳ ಉಸ್ತುವಾರಿ ಅವಳದು. ಯಾರು ಯಾವಾಗ ತುಂಬಬೇಕು ಎಂದು ಹೇಳುವವಳು. ಅವಳು ಎದ್ದು ನಿಂತು ನನ್ನನ್ನು ಕೇಳಿದಳು: "ಆ ನೀರು ಇಲ್ಲಿ ಬಿಡ್ರಿ ಅಂತ ಯಾರು ಹೇಳಿದ್ರು?"

"ನಾವೇ, ಇಲಾಖೆಯವರು," ಎಂದೆ.

ಹುಸೇನಸಾಬ ಹಿಂದೆ ಗೋಡೆಗೆ ಒರಗಿ ಕೂತಿದ್ದ. ಎದ್ದ.

"ಇವ್ರು ಅಷ್ಟ ಅಲ್ಲ, ಯವ್ವಾ. ನಾವೂ ಕುಂತಿದ್ವಿ. ಗೌಡ್ರು ಇದ್ರು, ಕ್ಯಾಂಪಿನವ್ರು ಇದ್ರು, ನಾ ಇದ್ದೆ. ಎಲ್ಲಾರನ್ನೂ ಕೇಳಿ ಮಾಡೀವಿ ಅಂತ ತಿಳಕೊಂಡಿದ್ವಿ. ನಿಮ್ಮೂರವ್ರನ್ನ ಕೇಳಬೇಕು ಅಂತ ನಮಗ್ಯಾರಿಗೂ ಹೊಳೀಲಿಲ್ಲ."

"ಈಗ ಹೊಳದೈತಲ್ಲ. ಏನು ಮಾಡ್ತಿ?"

"ಬಾಯಿ ಮುಚ್ಚತೀವಿ," ಅಂದ. "ಹಳ್ಳ ಬತ್ತಿದ ಮ್ಯಾಲ ಹಲಗಿ ಹಾಕಿ ಮುಚ್ಚೂದು. ಮಳಿ ಬಂದು ಹಳ್ಳ ಹರದ ಮ್ಯಾಲ ತೆಗಿಯೂದು. ಅಲ್ಲೀತನ ನೀರು ನಮ್ಮ ಹೊಲದಾಗನ ಇರ್ಲಿ."

"ನಿಮ್ಮ ಹೊಲ ಮತ್ತ ಬೆಳ್ಳಗಾಗ್ತಾವ."

"ತಗ್ಗಿನವು ಆಗ್ತಾವ. ನಂದು ಮದಲ ಆಗ್ತೈತಿ."

ಹಂಪಮ್ಮ, "ಕುಂದ್ರು," ಅಂದಳು. "ನಿಂತು ಎಷ್ಟೊತ್ತು ಮಾತಾಡ್ತಿ."

ಎರೆಹಳ್ಳಿಯಲ್ಲಿ ಇದಕ್ಕೆ ಸುಲಭವಾಗಿ ಒಪ್ಪಿಗೆ ಸಿಗಲಿಲ್ಲ. ಇವನಿಗೆ ಮಾತು ಕೊಡುವ ಅಧಿಕಾರ ಯಾರು ಕೊಟ್ಟರು ಎಂದು ಕೆಲವರು ಜಗಳವಾಡಿದರು. ಅವರ ಪ್ರಶ್ನೆಯಲ್ಲೂ ಹುರುಳಿತ್ತು. ಗೌಡರು ಹಾಸಿಗೆಯ ಮೇಲಿಂದಲೇ, ನೋಡೋಣ ಒಂದು ಬೇಸಿಗಿ ಅಂದರಂತೆ. ಆ ವರ್ಷ ಬಸಿಗಾಲುವೆಯ ಬಾಯಿಗೆ ಹಲಗೆ ಕೂರುವಂತೆ ಗಾರೆ ಕೆಲಸ ಮಾಡಿಸಿಕೊಟ್ಟೆ. ಹಲಗೆ ಹಾಕುವಾಗ ಎರಡೂ ಊರಿನವರು ಬಂದಿದ್ದರು. ನಮ್ಮ ಕಚೇರಿಯಿಂದ ಆದೇಶ ಹೊರಟಿತು: ಸಂಬಂಧಪಟ್ಟ ಅಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಹಲಗೆಗಳನ್ನು ತೆಗೆಯತಕ್ಕದ್ದಲ್ಲ.

ಒಂದೆರಡು ಬೇಸಿಗೆ ಹೀಗೆ ನಡೆಯಿತು. ಮರಳಹಳ್ಳಿಯ ವರ್ತಿಗಳ ನೀರು ಪೂರ್ತಿ ಸಿಹಿಯಾಗದಿದ್ದರೂ ಕುಡಿಯುವಂತಾಯಿತು. ಹುಸೇನಸಾಬನ ಹೊಲದ ಅಂಚು ಮತ್ತೆ ಬಿಳುಪೇರಿತು. ಒಂದು ವರ್ಷ ಮಳೆ ಬೇಗ ಬಂತು. ಯಾರೂ ಎಣಿಸದ ವೇಳೆಯಲ್ಲಿ ಊರಲ್ಲೂ ಮೇಲುಸೀಮೆಯಲ್ಲೂ ಸುರಿದು ಹಳ್ಳ ಹರಿಯಿತು. ನಾನು ಬಳ್ಳಾರಿಯಲ್ಲಿದ್ದೆ, ಅಪ್ಪಣೆ ಬರೆಯುವವರು ಯಾರೂ ಸಿರುಗುಪ್ಪದಲ್ಲಿರಲಿಲ್ಲ. ಎರೆಹಳ್ಳಿಯ ತಗ್ಗಿನ ಹೊಲಗಳಲ್ಲಿ ಆಗತಾನೆ ಬಿತ್ತಿದ್ದರು. ಹಲಗೆ ತೆಗೆಯದೆ ನೀರು ನಿಂತರೆ ಬೀಜ ಕೊಳೆಯುತ್ತಿತ್ತು. ಹುಸೇನಸಾಬ ಬೆಳಿಗ್ಗೆ ಏನು ಮಾಡುವುದೆಂದು ತೋಚದೆ ಬಸಿಗಾಲುವೆಯ ಬಾಯಿಯ ಕಡೆ ಹೋದನಂತೆ. ಅಲ್ಲಿ ಹಲಗೆಗಳೆಲ್ಲ ಆಗಲೇ ಮೇಲೆ ಬಂದಿದ್ದವು. ಮರಳಹಳ್ಳಿಯ ಗಂಡಸರು ನಾಲ್ಕೈದು ಮಂದಿ ಸೊಂಟದವರೆಗೆ ಕೆಸರಾಗಿ ದಂಡೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು.

"ಹಂಪಮ್ಮ ಕಳಿಸಿದ್ಲು," ಅಂದರಂತೆ. "ಹಳ್ಳ ಹರದೈತಿ, ಆ ಸಾಬನ ಹೊಲ ಮುಳಗತಾವ, ಹೋಗ್ರಿ ಅಂದ್ಲು."

ಆ ತಿಂಗಳೇ ಮೇಲಿನಿಂದ ನನಗೆ ಒಂದು ಪತ್ರ ಬಂತು. ಅಪ್ಪಣೆಯಿಲ್ಲದೆ ಹಲಗೆಗಳನ್ನು ತೆಗೆದಿರುವುದು ತಿಳಿದುಬಂದಿದೆ. ಯಾರ ತೀರ್ಮಾನದಂತೆ ತೆಗೆಯಲಾಯಿತು ಎಂದು ವಿವರಣೆ ಕೊಡತಕ್ಕದ್ದು. ಉತ್ತರ ಬರೆಯಲು ಬಹಳ ಯೋಚಿಸಬೇಕಾಗಲಿಲ್ಲ. ಹಲಗೆ ಹಾಕಿದವರೂ ತೆಗೆದವರೂ ಎರಡು ಊರಿನ ಜನ. ನೀರು ಇಳಿದಿದೆ, ಬೆಳೆ ಉಳಿದಿದೆ, ಎರಡೂ ಕಡೆಯಿಂದ ದೂರಿಲ್ಲ ಎಂದು ಬರೆದೆ. ಮುಂದೆ ಅಪ್ಪಣೆ ಬರೆಯುವ ಪದ್ಧತಿಯನ್ನೇ ಕೈಬಿಡಬಹುದೆಂದು ಕೆಳಗೆ ಒಂದು ಸಾಲು ಸೇರಿಸಿ ಸಹಿ ಹಾಕಿದೆ.